ಬೇಸ್ ಮತ್ತು ಗಣೆ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ‘ಎಸ್ ಅಂಡ್ ಎಂ 2’ ನೋಡಿದೆ. 2019ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ಬ್ಯಾಂಡು ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯೊಂದಿಗೆ ನಡೆಸಿದ ಕಛೇರಿಯ ಸಿನಿಮಾ. ಅಬ್ಬರ ಜಾಸ್ತಿ, ಎಷ್ಟೋ ಕಡೆ ಪಿಟೀಲುಗಳು ಗಿಟಾರಿನಡಿ ಮುಳುಗಿಹೋಗಿವೆ. ಆದರೆ ಒಂದು ಹಂತದಲ್ಲಿ ಬ್ಯಾಂಡು ಸುಮ್ಮನಾಗುತ್ತದೆ. 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಕೊಂಡ ಬೇಸ್ ವಾದಕ ಕ್ಲಿಫ್ ಬರ್ಟನ್‌ನ ಸೋಲೋವನ್ನು ಸಿಂಫನಿಯ ಸ್ಕಾಟ್ ಪಿಂಗೆಲ್ ನುಡಿಸತೊಡಗುತ್ತಾನೆ. ಬೇರೆ ಮನೆಯವನು, ಬೇರೆ ಪಾಠದವನು.

ಪಿಎಚ್‌ಡಿಗಾಗಿ ಜುಂಜಪ್ಪನ ಗಣೆ ಕೇಳುತ್ತ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳನ್ನು ಸುತ್ತುವವನು ನಾನು. ನನಗೆ ಕಥೆ ಹೇಳುವ ತಾತನಿಗೀಗ ಊದಲು ಉಸಿರು ಸಾಲದು. ಮೊನ್ನೆ ಅಂದರು: “ದೇವ್ರ ಗಣೆ ಮುಟ್ಬ್ಯಾಡ. ಬ್ಯಾರೆ ಬಿದಿರು ತಗಂಡ್ ಬಾ. ನಾನ್ ಹೇಳ್ತೀನಿ, ನೀನ್ ಊದು.”

ತಂದಿದ್ದೇನೆ. ಇನ್ನೂ ಬರೀ ಗಾಳಿ ಬರುತ್ತಿದೆ.