ಯಾವ ಮಿನಿಸ್ಟರ್ ಬಂದಾರೊ?

ಹೋದ ಶನಿವಾರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಲಾಸ್ ಏಂಜಲೀಸ್‌ನಲ್ಲಿ ರಾತ್ರಿ ಹತ್ತೂವರೆ. ರಾಣೆಬೆನ್ನೂರಿನಲ್ಲಿ ಭಾನುವಾರ ಬೆಳಗಿನ ಹನ್ನೊಂದು. ಅಷ್ಟರಲ್ಲಿ ನಮ್ಮ ಬೀದಿಯ ಮೇಲೆ ಹೆಲಿಕಾಪ್ಟರ್ ಸುತ್ತತೊಡಗಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಸದ್ದು ಅಪ್ಪನಿಗೂ ಕೇಳಿಸಿತು.

“ಹೆಲಿಕಾಪ್ಟರ್ ಬಂದಂಗಾತಲ್ಲೊ. ಯಾವ ಮಿನಿಸ್ಟರ್ ಬಂದಾರೊ ಅಲ್ಲಿ?” ಅಂದರು, ಖುಷಿಯಿಂದ.

ನಮ್ಮ ಕಡೆ ಹೆಲಿಕಾಪ್ಟರ್ ಅಂದರೆ ಚುನಾವಣೆ. ಮೈದಾನದಲ್ಲಿ ಸುಣ್ಣದಿಂದ ದೊಡ್ಡ ವೃತ್ತ ಬರೆಯುತ್ತಿದ್ದರು, ಧೂಳೇಳದಂತೆ ಟ್ಯಾಂಕರ್ ತಂದು ನೀರು ಹೊಡೆಯುತ್ತಿದ್ದರು. ಭಾಷಣ ಯಾರಿಗೆ ಬೇಕಿತ್ತು? ಸದ್ದು ಕೇಳಿದರೆ ಸಾಕು, ನಾವು ಹುಡುಗರು ಚಪ್ಪಲಿ ಬಿಟ್ಟು ಓಡುತ್ತಿದ್ದೆವು. ಆ ಓಟವೇ ನನ್ನನ್ನು ಇಲ್ಲಿಯವರೆಗೆ ತಂದಿದೆ ಅನ್ನಬೇಕು. ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಪೊಲೀಸರ ಸಣ್ಣ ಹೆಲಿಕಾಪ್ಟರಿನ ಬಗ್ಗೆ: ಹ್ಯೂಸ್ 300.

ಹವರ್ಡ್ ಹ್ಯೂಸ್‌ನ ಕಂಪನಿ ಇದರ ಮೂಲ ಮಾದರಿಯಾದ 269 ಅನ್ನು 1956ರ ಅಕ್ಟೋಬರ್‌ನಲ್ಲಿ ಮೊದಲ ಬಾರಿ ಹಾರಿಸಿತು. ಎರಡು ಸೀಟು, ಮೂರು ರೆಕ್ಕೆ, ನಾಲ್ಕು ಸಿಲಿಂಡರಿನ ಲೈಕಮಿಂಗ್ ಪಿಸ್ಟನ್ ಎಂಜಿನ್, ಗಾಜಿನ ಗುಳ್ಳೆಯಂಥ ಮುಂಭಾಗ, ಹಿಂದೆ ತೆಳ್ಳಗೆ ಚಾಚಿದ ಕೊಳವೆ. ಅಗ್ಗವಾಗಿರಬೇಕು, ರಿಪೇರಿ ಸುಲಭವಾಗಿರಬೇಕು ಎಂಬುದೇ ಅದರ ಹಿಂದಿನ ಲೆಕ್ಕ. ಎಂಜಿನ್ನಿನ ಶಕ್ತಿ ರೋಟರಿಗೆ ಹೋಗುವುದು ಎಂಟು ರಬ್ಬರ್ ಬೆಲ್ಟುಗಳ ಮೂಲಕ. ಬೆಲ್ಟು ಸಡಿಲವಾಗಿರುವಾಗಲೇ ಎಂಜಿನ್ ಶುರು ಮಾಡಿ, ಆಮೇಲೆ ಮೆಲ್ಲಗೆ ಬಿಗಿ ಮಾಡುತ್ತ ಬಂದರೆ ತಲೆಯ ಮೇಲಿನ ರೆಕ್ಕೆಗಳು ತಿರುಗುತ್ತವೆ. ಇದನ್ನು ಓದಿದ ದಿನ ನಕ್ಕುಬಿಟ್ಟೆ. ನಮ್ಮಪ್ಪನ ಹಿಟ್ಟಿನ ಗಿರಣಿಯೂ ಹಾಗೇ. ಮೋಟಾರು ಶುರು ಮಾಡಿ, ಕೋಲಿನಿಂದ ಬೆಲ್ಟನ್ನು ಪಕ್ಕದ ಗಾಲಿಗೆ ಸರಿಸಿದರೆ ಕಲ್ಲು ತಿರುಗುತ್ತಿತ್ತು. ಆ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ.

ಅಮೆರಿಕದ ಸೇನೆ 1964ರಲ್ಲಿ ಇದನ್ನು ಟಿಎಚ್-55 ಎಂಬ ಹೆಸರಿನಲ್ಲಿ ತರಬೇತಿಗೆ ಆರಿಸಿಕೊಂಡಿತು. ಒಟ್ಟು 792 ಕೊಂಡಿತು. ವಿಯೆಟ್ನಾಂಗೆ ಹೋದ ಎಷ್ಟೋ ಪೈಲಟ್‌ಗಳು ಟೆಕ್ಸಸ್‌ನ ಫೋರ್ಟ್ ವೋಲ್ಟರ್ಸ್‌ನಲ್ಲಿ ಹಾರಲು ಕಲಿತದ್ದು ಇದರ ಮೇಲೆ. ಅದರ ಮೂರು ಸೀಟಿನ ತಮ್ಮನೇ ಹ್ಯೂಸ್ 300.

1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆ ವಾಟ್ಸ್ ಹೊತ್ತಿ ಉರಿಯಿತು. 34 ಜನ ಸತ್ತರು. ಕೆಟಿಎಲ್‌ಎ ಟಿವಿಯ ಹೆಲಿಕಾಪ್ಟರ್ ಆ ಬೆಂಕಿಯನ್ನು ಮೇಲಿನಿಂದ ಮನೆಮನೆಗೆ ತೋರಿಸಿತು. ಮರುವರ್ಷ, 1966ರಲ್ಲಿ, ಅದೇ ಕೌಂಟಿಯ ಲೇಕ್‌ವುಡ್ ಎಂಬ ಊರಿನಲ್ಲಿ ‘ಸ್ಕೈ ನೈಟ್’ ಯೋಜನೆ ಶುರುವಾಯಿತು. ಎರಡನೇ ಮಹಾಯುದ್ಧದ ನಂತರ ಸಾಲುಸಾಲಾಗಿ ಒಂದೇ ಅಚ್ಚಿನ ಮನೆ ಕಟ್ಟಿ ಎಬ್ಬಿಸಿದ, ಆಗ ಬಹುಮಟ್ಟಿಗೆ ಬಿಳಿಯರದ್ದೇ ಆಗಿದ್ದ ಊರು ಅದು. ಕೇಂದ್ರ ಸರ್ಕಾರದ ಅನುದಾನ, ಹ್ಯೂಸ್ 300 ಹೆಲಿಕಾಪ್ಟರುಗಳು. ಒಂದು ಸೀಟಿನಲ್ಲಿ ಪೈಲಟ್, ಪಕ್ಕದಲ್ಲಿ ಕೆಳಗೆ ನೋಡುತ್ತ ಕೂತ ಶೆರಿಫ್ ಕಚೇರಿಯ ಪೊಲೀಸ್. ಹಗಲೂ ರಾತ್ರಿ ಗಸ್ತು. ಆ ಕಾಲದಲ್ಲೇ ಸದ್ದು ತಗ್ಗಿಸುವ ಹಿಂಬದಿ ರೋಟರೂ ಈ ಮಾದರಿಗೆ ಬಂತು.

ಲೇಕ್‌ವುಡ್‌ನ ಮಾದರಿ ದೇಶದ ತುಂಬ ಹರಡಿತು. ಲಾಸ್ ಏಂಜಲೀಸ್ ನಗರ ಪೊಲೀಸರು ದಶಕದ ಕೊನೆಗೆ ‘ಆಸ್ಟ್ರೋ’ ಎಂಬ ಗಸ್ತು ಶುರು ಮಾಡಿದರು. ಬಾಹ್ಯಾಕಾಶ ನೌಕೆಗಳನ್ನು ನಡೆಸುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯೇ ಅದನ್ನು ಅಧ್ಯಯನ ಮಾಡಿತು. ಹ್ಯೂಸ್ 300 ಅನ್ನು 1983ರಿಂದ ನ್ಯೂಯಾರ್ಕ್ ರಾಜ್ಯದ ಶ್ವೈಟ್ಜರ್ ಕಂಪನಿ ತಯಾರಿಸತೊಡಗಿತು. ಈಗ ನಮ್ಮ ಬೀದಿಯ ಮೇಲೆ ಸುತ್ತುವುದು ಅದಕ್ಕಿಂತ ದೊಡ್ಡ, ಜೆಟ್ ಎಂಜಿನ್ನಿನ ಹೆಲಿಕಾಪ್ಟರ್. ನಗರದ ಲೆಕ್ಕಪರಿಶೋಧಕರು 2023ರ ಡಿಸೆಂಬರ್‌ನಲ್ಲಿ ಹೇಳಿದ ಪ್ರಕಾರ ಪೊಲೀಸರ ಬಳಿ 17 ಹೆಲಿಕಾಪ್ಟರುಗಳಿದ್ದವು, ವರ್ಷದ ಖರ್ಚು ಸುಮಾರು 4.66 ಕೋಟಿ ಡಾಲರ್. ಹಾರಾಟದ ಶೇಕಡಾ 61ರಷ್ಟು ಸಮಯ ಅಷ್ಟೇನೂ ತುರ್ತಿಲ್ಲದ ಕೆಲಸಗಳಿಗೆ ಹೋಗಿತ್ತು.

ಇಷ್ಟನ್ನೂ ಬರೆದು ನನ್ನ ಗೈಡ್‌ಗೆ ಕೊಟ್ಟೆ. ಅವರು ಅಂಚಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟರು: “ಇಡೀ ಅಧ್ಯಾಯದಲ್ಲಿ ನೀನು ಹೆಲಿಕಾಪ್ಟರಿನ ಒಳಗೇ ಕೂತಿದ್ದೀಯ.”

ಸಿಟ್ಟು ಬಂತು. ಆದರೆ ಎರಡು ದಿನ ಬಿಟ್ಟು ಓದಿದರೆ ಅವರು ಹೇಳಿದ್ದು ನಿಜ. ರೆಕ್ಕೆ ಎಷ್ಟು, ಬೆಲ್ಟು ಎಷ್ಟು, ಯಾವ ವರ್ಷ ಯಾರು ಕೊಂಡರು ಎಲ್ಲ ಇತ್ತು. ಕೆಳಗೆ ಮಲಗಿದ್ದವರು ಇರಲಿಲ್ಲ.

ನಾನಿರುವುದು ನಗರದ ದಕ್ಷಿಣಕ್ಕೆ, ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ. ಪಕ್ಕದ ಮನೆಯ ಅಜ್ಜಿ ಕಪ್ಪು ಜನಾಂಗದವರು; ವಾಟ್ಸ್ ಉರಿದಾಗ ಶಾಲೆಗೆ ಹೋಗುವ ಹುಡುಗಿ. ಇಲ್ಲಿಯವರು ಪೊಲೀಸ್ ಹೆಲಿಕಾಪ್ಟರನ್ನು ‘ಗೆಟ್ಟೊ ಬರ್ಡ್’ ಅನ್ನುತ್ತಾರೆ, ಕೇರಿಯ ಹಕ್ಕಿ ಅಂತ. ಅದರ ಬಗ್ಗೆ ಕೇಳಿದಾಗ ಅಜ್ಜಿ ಗಿಡಕ್ಕೆ ನೀರು ಹಾಕುತ್ತಲೇ ಹೇಳಿದರು: “ಸದ್ದು ಬಂತು ಅಂದರೆ ನಾನು ಮೊದಲು ಮಕ್ಕಳನ್ನು ಎಣಿಸುತ್ತಿದ್ದೆ. ಮೂವರೂ ಒಳಗಿದ್ದಾರಾ ಅಂತ. ಈಗ ಅವರೆಲ್ಲ ಬೇರೆ ಬೇರೆ ಊರಲ್ಲಿದ್ದಾರೆ. ಆದರೂ ಎಣಿಸುತ್ತೇನೆ.”

ಅದೇ ಅಜ್ಜಿ ಇನ್ನೊಂದನ್ನೂ ಹೇಳಿದರು. ಒಮ್ಮೆ ಬೀದಿಯ ಮುದುಕರೊಬ್ಬರು ಮರೆವಿನಲ್ಲಿ ಎತ್ತಲೋ ನಡೆದು ಹೋಗಿದ್ದಾಗ ಹುಡುಕಿಕೊಟ್ಟದ್ದು ಆ ಹಕ್ಕಿಯೇ ಅಂತೆ. “ಅದನ್ನೂ ಬರೆದುಕೊ” ಅಂದರು. ಎರಡನ್ನೂ ಬರೆದುಕೊಂಡೆ. ಹಾರಾಟದ ಗಂಟೆಗಳ ಲೆಕ್ಕಕ್ಕೆ ಕೋಷ್ಟಕ ಇದೆ. ಅಜ್ಜಿಯ ಲೆಕ್ಕವನ್ನು ಎಲ್ಲಿ ಇಡಬೇಕು ಅನ್ನುವುದು ಇನ್ನೂ ಹೊಳೆದಿಲ್ಲ. ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಶನಿವಾರ ಅಪ್ಪ ಕೇಳಿದಾಗ, ಬೆಳಕಿನ ಕೋಲೊಂದು ನಮ್ಮ ಹಿತ್ತಲನ್ನು ಸವರಿ ಅಜ್ಜಿಯ ಮಾಡಿನ ಮೇಲೆ ಹಾದುಹೋಗುತ್ತಿತ್ತು. ಆ ಕಡೆಯಿಂದ ಗಿರಣಿಯ ಸದ್ದು, ಈ ಕಡೆಯಿಂದ ಇದು.

“ಮಿನಿಸ್ಟರ್ ಅಲ್ಲಪ್ಪ. ಪೊಲೀಸರದು. ಯಾರನ್ನೋ ಹುಡುಕ್ತಿದಾರ” ಅಂದೆ.

ಅಪ್ಪ ಒಂದು ಕ್ಷಣ ಸುಮ್ಮನಾದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಹಂಗಾರ ನೀ ಹೊರಗ ಹೋಗಬ್ಯಾಡ. ಬಾಗಲಾ ಹಾಕ್ಕೊ.”