ಹಾಫ್‌ಟೈಮಲ್ಲಿ ನೀಲಗಾರ

ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ನಾಳೆ ಮಧ್ಯಾಹ್ನದ ಗಂಟ ಸೊಪ್ಪು ಕೊಡೋ ಹಾಗಿಲ್ಲ, ಕುಯ್ಯೋ ಕೆಲಸವೂ ಇಲ್ಲ. ಭತ್ತ ಮನೆ ಸೇರಿ, ಮೊನ್ನೆ ಹುಲ್ಲಿನ ಮೆದೆ ಒಟ್ಟಿದ್ದೂ ಆಯ್ತು. ಅದಕ್ಕೆ ಒಂದು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದ ವಿಷಯ ಬರೆಯೋಣ ಅಂತ ಕೂತೆ. ಇವತ್ತು ಗೊಬ್ಬರ, ಊಜಿ ನೊಣ, ಗೂಡಿನ ರೇಟು ಯಾವುದೂ ಇಲ್ಲ. ಅದೇ ಬೇಕು ಅನ್ನೋರು ಮುಂದಿನ ವಾರ ಬನ್ನಿ.

ಹೋದ ವರ್ಷ ನಮ್ಮೂರ ಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ ಇಟ್ಟಿದ್ವಿ. ನಿಮ್ಮಲ್ಲಿ ಬಂದೋರೂ ಇದ್ದೀರಿ. ಕಮಿಟಿಲಿ ನಾನೂ ಒಬ್ಬ. ಫೈನಲ್ ಆಡೋವಾಗ ಹಾಫ್‌ಟೈಮಲ್ಲಿ ಏನಾದ್ರೂ ಪ್ರೋಗ್ರಾಂ ಇರಲಿ, ಐಪಿಎಲ್ ಥರ ಇರಲಿ ಅಂತ ಹುಡುಗ್ರು ಪಟ್ಟು ಹಿಡಿದ್ರು. ಕಬಡ್ಡಿಗೆ ಹಾಫ್‌ಟೈಮ್ ಐದೇ ನಿಮಿಷ, ನಾವು ಅದನ್ನ ಹದಿನೈದಕ್ಕೆ ಎಳೆದ್ವಿ. ಡ್ಯಾನ್ಸ್ ತಂಡ ಗೊತ್ತು ಮಾಡೋಣ ಅಂದ್ರು ಕೆಲವರು. ಆಗ ನಾನೇ ಎದ್ದು, ‘ನಮ್ಮೂರ ನೀಲಗಾರ ತಾತನ್ನ ಮರೆತ್ರಾ? ಅವರಿಗೂ ಹತ್ತು ನಿಮಿಷ ಕೊಡಿ’ ಅಂದೆ. ಯಾರೂ ಬ್ಯಾಡ ಅನ್ನಲಿಲ್ಲ. ಏನೋ ದೊಡ್ಡ ಉಪಕಾರ ಮಾಡಿದೋನ ಹಂಗೆ ಮನೆಗೆ ಬಂದು ಉಂಡು ಮಲಗಿದೆ.

ತಾತ ಬಂದ್ರು. ವಯಸ್ಸು ಎಪ್ಪತ್ತೈದರ ಮೇಲೆ. ಹಣೆಗೆ ಕಪ್ಪುಧೂಳ್ತ, ಹೆಗಲಿಗೆ ಜೋಳಿಗೆ, ಎದೆಗೆ ಒರಗಿಸ್ಕೊಂಡ ತಂಬೂರಿ, ಕೈಯಲ್ಲಿ ಗಗ್ಗರ. ಡಿಜೆಗೆ ಅಂತ ಕಟ್ಟಿದ್ದ ಸೌಂಡ್ ಸಿಸ್ಟಮ್ಮಿನ ಒಂದೇ ಒಂದು ಮೈಕು ಅವರ ಬಾಯಿ ಮುಂದೆ. ತಂಬೂರಿ ಮೀಟಿದ್ದು ಯಾರಿಗೂ ಕೇಳಿಸಲಿಲ್ಲ. ಮಂಟೇಸ್ವಾಮಿ ಕಥೆಗೆ ಕೈ ಹಾಕೋರು ನೇರ ಕಥೆಗೆ ನುಗ್ಗಲ್ಲ, ಮೊದಲು ಗುರುಗಳನ್ನ ನೆನೀಬೇಕು, ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿ ಎಲ್ರನ್ನೂ ಕರೀಬೇಕು. ಅಷ್ಟೊತ್ತಿಗೆ ಆರೇಳು ನಿಮಿಷ ಹೋಗಿತ್ತು. ಒಬ್ಬ ಸಿಳ್ಳೆ ಹೊಡೆದ. ಇನ್ನೊಬ್ಬ ‘ತಾತ, ಫಿಲಂ ಸಾಂಗ್ ಹೇಳು’ ಅಂದ. ಆಟಗಾರರು ಅಂಕಣಕ್ಕೆ ಇಳಿದ್ರು, ರೆಫ್ರಿ ಪೀಪಿ ಊದಿದ್ರು, ಮೈಕು ಆಫ್ ಆಯ್ತು. ತಾತ ಅರ್ಧ ಪದದಲ್ಲಿದ್ರು. ಇನ್ನೂ ಎರಡು ಉಸಿರು ಬರೀ ಬಾಯಲ್ಲೇ ಹೇಳಿ ನಿಲ್ಲಿಸಿದ್ರು. ಕವರ್ ಕೊಟ್ಟೆ, ತಗೊಂಡ್ರು. ಒಂದು ಮಾತೂ ಆಡಲಿಲ್ಲ.

ಆಮೇಲೆ ಊರಲ್ಲಿ ಎರಡು ಥರ ಮಾತು. ‘ವಯಸ್ಸಾದ ಮೇಲೆ ಇವೆಲ್ಲ ಯಾಕೆ, ಮನೇಲಿರಬೇಕು’ ಅಂತ ಒಂದು. ‘ಈಗಿನ ಹುಡುಗ್ರಿಗೆ ಸಂಸ್ಕಾರ ಇಲ್ಲ’ ಅಂತ ಇನ್ನೊಂದು. ಎರಡೂ ನನಗೆ ಸರಿ ಕಾಣಲಿಲ್ಲ.

2024ರ ಮೈಸೂರು ದಸರಾ ನೆನಪು ಮಾಡ್ಕೊಳ್ಳಿ. ಉತ್ತನಹಳ್ಳಿ ಹತ್ರ ಯುವ ದಸರಾ ನಡೀತು. ಹೆಸರೇ ಯುವ ದಸರಾ. ಬಾದ್‌ಶಾ ಬಂದು ಹೋದ, ಎ.ಆರ್. ರೆಹಮಾನ್ ಬಂದ್ರು, ಕೊನೇ ದಿನ ವೇದಿಕೆ ಹತ್ತಿದ್ದು ಇಳಯರಾಜ. 1943ರಲ್ಲಿ ಹುಟ್ಟಿದ ಮನುಷ್ಯ, ಆಗ ವಯಸ್ಸು 81. ನನ್ನ ಮಗ ಸ್ನೇಹಿತರ ಜೊತೆ ಬೈಕಲ್ಲಿ ಹೋಗಿದ್ದ. ‘ಗೀತಾ’ ಪಿಚ್ಚರ್ ಬಂದಿದ್ದು 1981ರಲ್ಲಿ, ಇವನ ಅವ್ವನೇ ಆಗ ಕೂಸು. ಆದ್ರೂ ಬೆಳಗಿನ ಜಾವ ಮನೆಗೆ ಬಂದೋನು ಹಲ್ಲುಜ್ಜುತ್ತಾ ಅದೇ ಹಾಡು ಗುನುಗ್ತಿದ್ದ. ಹಂಗಾದ್ರೆ ಹುಡುಗ್ರಿಗೆ ಮುದುಕರು ಬ್ಯಾಡ ಅನ್ನೋದು ಸುಳ್ಳು.

ಹಂಗಂತ ಮುದುಕರು ಅಂದ ಮಾತ್ರಕ್ಕೆ ಕೈ ಹಿಡಿದು ಸ್ಟೇಜಿಗೆ ಹತ್ತಿಸಬೇಕು ಅಂತಾನೂ ಅಲ್ಲ. ಎಸ್. ಜಾನಕಮ್ಮ 2017ರ ಅಕ್ಟೋಬರ್ 28ರಂದು ಮೈಸೂರು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಹಾಡಿ, ಇನ್ನು ಸಾಕು ಅಂದ್ರು. ಆಗ ಅವರಿಗೆ 79. ಯಾರೂ ಮೈಕು ಆಫ್ ಮಾಡಿ ಇಳಿಸಲಿಲ್ಲ, ತಾವೇ ದಿನ ಗೊತ್ತು ಮಾಡಿ ತಾವೇ ನಿಲ್ಲಿಸಿದ್ರು. ನಮ್ಮ ತಾತನ್ನ ಮಾತ್ರ ಬೇಕೋ ಬ್ಯಾಡವೋ ಅಂತ ನಾವು ಯಾರೂ ಕೇಳಿರಲಿಲ್ಲ. ಹೇಳಿ ಕಳಿಸಿದ್ವಿ ಅಷ್ಟೆ.

ಅಕ್ಕನ ಮಗ ಅಮೆರಿಕದಲ್ಲವ್ನೆ. ಫೋನಲ್ಲಿ ಇದನ್ನೆಲ್ಲ ಹೇಳಿದಾಗ ನಕ್ಕುಬಿಟ್ಟ. ಅಲ್ಲೂ ಇದೇ ಜಗಳ ಅಂತೆ ಮಾವ ಅಂದ. ಸೂಪರ್ ಬೌಲ್ ಅಂತ ಅವರ ಫುಟ್ಬಾಲಿನ ಫೈನಲ್, ಅದರ ಹಾಫ್‌ಟೈಮಲ್ಲಿ ಹನ್ನೆರಡು ಹದಿಮೂರು ನಿಮಿಷ ಹಾಡು ಕುಣಿತ. 2005ರಲ್ಲಿ ಪಾಲ್ ಮೆಕಾರ್ಟ್ನಿ, 2006ರಲ್ಲಿ ರೋಲಿಂಗ್ ಸ್ಟೋನ್ಸ್, 2010ರಲ್ಲಿ ದಿ ಹೂ ಅನ್ನೋ ತಂಡ, ಹಿಂಗೆ ಅರವತ್ತು ದಾಟಿದೋರನ್ನೇ ಕರೆದ್ರಂತೆ. ಈ ಮುದುಕರು ಸಾಕು ಅಂತ ಕೆಲವರು, ಇವರ ಮುಂದೆ ಈಗಿನೋರು ಯಾವ ಲೆಕ್ಕ ಅಂತ ಕೆಲವರು. ಅವನು ವಿಡಿಯೋ ಕಳಿಸಿದ, ನೋಡಿದೆ. ನನ್ನ ಕಿವಿಗೆ ಆ ಹಾಡು ಹತ್ತಲಿಲ್ಲ. ಆದ್ರೆ ಒಂದು ಕಾಣಿಸ್ತು: ಅವರು ಹಾಡೋದು ಊರಿಗೆಲ್ಲ ಬಾಯಿಪಾಠ ಆಗಿರೋ ನಾಲ್ಕು ಹಾಡು, ಒಂದು ಶುರುವಾದ್ರೆ ಜನಾನೇ ಮುಂದಕ್ಕೆ ಎತ್ಕೊಂಡು ಹೋಗ್ತಾರೆ. ಹತ್ತು ನಿಮಿಷಕ್ಕೆ ಅದು ಹೊಂದುತ್ತೆ. ನಮ್ಮ ತಾತನ ಹತ್ರ ಇರೋದು ‘ಸಾಲು’. ಸಿದ್ದಪ್ಪಾಜಿ ಹಲಗೂರಿಗೆ ಹೋಗಿ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆ ಕೇಳೋ ಒಂದು ಸಾಲು ಹಾಡೋಕೇ ರಾತ್ರಿ ಸಾಕಾಗಲ್ಲ. ಅದನ್ನ ಹತ್ತು ನಿಮಿಷಕ್ಕೆ ತುರುಕೋದು ಅಂದ್ರೆ ಕಬ್ಬನ್ನ ಮೂರು ತಿಂಗಳಿಗೆ ಕಡಿದು ಗಾಣಕ್ಕೆ ಹಾಕಿದ ಹಂಗೆ.

ಈ ಸಲ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗಿದ್ದೆ. ಚಂದ್ರಮಂಡಲ ಹೊತ್ತಿ ಉರಿದಾದ ಮೇಲೆ ಬಯಲಲ್ಲಿ ಅಲ್ಲಲ್ಲಿ ಗುಂಪು ಕೂತು ಪದ ಹೇಳ್ತಿದ್ರು. ಒಂದು ಗುಂಪಿನ ಹತ್ರ ನಿಂತೆ. ನಡುವೆ ಒಬ್ಬ ಮುದುಕಪ್ಪ, ನಮ್ಮ ತಾತನಿಗಿಂತ ಹಿರಿಯ. ದನಿ ಒಡೆದು ಹೋಗಿದೆ. ಆದ್ರೆ ಜನ ಎದ್ದು ಹೋಗ್ತಿಲ್ಲ. ಯಾಕೆ ಅಂತ ನೋಡಿದ್ರೆ, ಹಿಂದೆ ಮೂರು ಜನ ಹಿಮ್ಮೇಳದೋರು. ಮುದುಕಪ್ಪ ಒಂದು ನುಡಿ ಹೇಳಿ ಬಿಟ್ರೆ ಇವರು ಅದರ ಬಾಲ ಹಿಡ್ಕೊಂಡು ಎಳೀತಾರೆ, ಡಕ್ಕೆ ನಿಲ್ಲಲ್ಲ, ತಾಳ ನಿಲ್ಲಲ್ಲ. ಅಷ್ಟರೊಳಗೆ ಆತ ಉಸಿರು ತಗೊಂಡು ಮುಂದಿನ ನುಡಿ ನೆನೆಸ್ಕೊಂಡು ತಯಾರು.

ಕಣದಲ್ಲಿ ಎತ್ತು ಕಟ್ಟಿ ತುಳಿಸ್ತಿದ್ದ ಕಾಲ ನೋಡಿದೋರಿಗೆ ಇದು ಗೊತ್ತು. ಹಳೇ ಎತ್ತನ್ನ ಮೇಟಿ ಪಕ್ಕಕ್ಕೆ ಕಟ್ಟೋರು. ಒಳಗಿನ ಸುತ್ತು ಚಿಕ್ಕದು, ಅದಕ್ಕೆ ನಡಿಗೆ ಕಮ್ಮಿ. ಆದ್ರೆ ಹದ ಗೊತ್ತಿರೋದು ಅದಕ್ಕೇ, ಹೊರಗಿನ ಹೋರಿಗಳೆಲ್ಲ ಅದರ ಹೆಜ್ಜೆಗೇ ಸುತ್ತಬೇಕು. ನಾವು ಹೋದ ವರ್ಷ ಮಾಡಿದ್ದೇನು? ಮುದಿ ಎತ್ತನ್ನ ಒಂದೇ ಬಿಟ್ಟು ಇಡೀ ಕಣ ತುಳಿ ಅಂದ್ವಿ.

ಮಲೆ ಮಾದೇಶ್ವರನ ಕಥೆ ಪುಸ್ತಕ ಆಗಿದೆ ನೋಡಿ. ಕೆ. ಕೇಶವನ್ ಪ್ರಸಾದ್ ಸಂಗ್ರಹ ಮಾಡಿದ್ದು, ಸಾಹಿತ್ಯ ಅಕಾಡೆಮಿ ಇಂಗ್ಲಿಷಿನಲ್ಲೂ ತಂದಿದೆ. ಅದರ ಮೇಲೆ ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ತಂಡ ಅಂತ ಇದೆ. ‘ಮತ್ತು ತಂಡ’ ಅನ್ನೋದನ್ನ ಓದಿದೋರು ಬಿಡಲಿಲ್ಲ, ಊರೋರಾದ ನಾವು ಬಿಟ್ವಿ. ಇಳಯರಾಜ ಸುತ್ತ ಅಷ್ಟು ಜನ ಪಿಟೀಲು, ಕೊಳಲು, ಹಾಡೋರು ನಿಂತಿರ್ತಾರಲ್ಲ, ಅದೂ ಹಿಮ್ಮೇಳವೇ.

ಚಿಕ್ಕಲ್ಲೂರಿಂದ ಬಂದ ಮೂರನೇ ದಿನ ತಾತನ ಮನೆಗೆ ಹೋದೆ. ಜಗಲಿ ಮೇಲೆ ಕೂತು ಹಳೇ ಪಂಚೆ ಹೊಲೀತಿದ್ರು.

‘ಯಾಕ್ ಮಗ, ಹಬ್ಬಕ್ಕಿನ್ನೂ ದಿನ ಅದಲ್ಲ’ ಅಂದ್ರು.

‘ಹೋದ ವರ್ಷದ್ದು ತಪ್ಪಾಯ್ತು ತಾತ. ಹತ್ತು ನಿಮಿಷ ಕೊಟ್ಟು ಅವಮಾನ ಮಾಡುದ್ವಿ.’

‘ಹತ್ ನಿಮ್ಸದ್ದಲ್ಲ ಕನ. ಹಿಂದ್ಗಡ ಒಬ್ರೂ ಇಲ್ದೆ ನಿಲ್ಸುದ್ರಲ್ಲ, ಅದು. ನಾನ್ ಉಸ್ರು ತಕ್ಕೊಳೊವಾಗ ಪದ ಬೀಳ್ಬಾರ್ದು ಮಗ. ಅವತ್ತು ಬಿದ್ದೋಯ್ತು.’

ಅವರ ಹಿಮ್ಮೇಳದಲ್ಲಿ ಇದ್ದೋರು ಇಬ್ರು. ಒಬ್ರು ಕೊರೊನಾ ವರ್ಷ ತೀರ್ಕೊಂಡ್ರು. ಇನ್ನೊಬ್ರು ಮಗನ ಜೊತೆ ಬೆಂಗಳೂರು ಸೇರಿ ಅಪಾರ್ಟ್‌ಮೆಂಟಲ್ಲಿ ವಾಚ್‌ಮ್ಯಾನ್ ಆಗವ್ರೆ. ತಾತನ ಮೊಮ್ಮಗ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸ್ತಾನೆ, ಡಕ್ಕೆಯೂ ಬತ್ತದೆ. ಹಂಗಾದ್ರೆ ಈ ವರ್ಷ ಬರ್ತೀರಾ ಅಂತ ಕೇಳಿದೆ, ಈ ಸಲ ಕೇಳಿಯೇ ಕೇಳಿದೆ. ತುಂಬ ಹೊತ್ತು ಸೂಜಿಗೆ ದಾರ ಪೋಣಿಸ್ತಾ ಇದ್ರು. ನಾನೇ ಇಸ್ಕೊಂಡು ಪೋಣಿಸಿ ಕೊಟ್ಟೆ.

‘ಗಂಟ್ಲು ಹೋಗದ. ಪೂರ್ತಿ ನನ್ ಕೈಲಿ ಆಗದಿಲ್ಲ. ಶುರು ನಾನ್ ಮಾಡ್ತಿನಿ, ನಡುವ್ಲು ಆ ವಾಚ್‌ಮ್ಯಾನ್ ಹೇಳ್ಲಿ, ಅವ್ನಿಗೂ ಗೊತ್ತದ. ಡಕ್ಕೆ ನನ್ ಮೊಮ್ಮಗಂದು. ಲೈಟ್ ಕಮ್ಮಿ ಮಾಡಿ, ಕಣ್ಗೆ ಹೊಡೀತದ. ಕಬಡ್ಡಿ ಮದ್ಯದಲ್ಲಂತೂ ಬ್ಯಾಡ.’

ಭಾನುವಾರ ಕಮಿಟಿ ಮೀಟಿಂಗ್ ಇದೆ. ನಾನು ಕೇಳೋದು ಇಷ್ಟು. ಆರ್ಕೆಸ್ಟ್ರಾ ಇರಲಿ, ವರ್ಷಕ್ಕೊಂದು ಸಲ ಬೆಂಗಳೂರಿಂದ ಬರೋ ಹುಡುಗ್ರು ಕುಣೀಲಿ, ಎರಡು ಸುತ್ತು ನಾನೂ ಹಾಕ್ತೀನಿ. ಆದ್ರೆ ಅದರ ಹಿಂದಿನ ರಾತ್ರಿ ಒಂಬತ್ತರಿಂದ ಗುಡಿ ಮುಂದೆ ಪದ, ತಾತ ಸಾಕು ಅನ್ನೋ ಗಂಟ. ಮೈಕು ನಾಲ್ಕು ಬೇಕು, ಒಂದು ತಂಬೂರಿಗೇ. ವಾಚ್‌ಮ್ಯಾನ್ ಅಣ್ಣನಿಗೆ ಎರಡು ದಿನದ ಸಂಬಳ, ಬಸ್ ಚಾರ್ಜು ಕಮಿಟಿಯಿಂದ. ಕಬಡ್ಡಿ ಹಾಫ್‌ಟೈಮಿಗೆ ಬೀಸು ಕಂಸಾಳೆ ಹುಡುಗ್ರು ಬರಲಿ. ಮೈಕಿನ ಹಂಗಿಲ್ಲ, ಐದೇ ನಿಮಿಷದಲ್ಲಿ ಮೈದಾನ ಎದ್ದು ನಿಲ್ಲುತ್ತೆ, ಅಷ್ಟೊತ್ತಿಗೆ ಅವರಿಗೂ ಉಸಿರು ಮುಗಿದಿರುತ್ತೆ. ಕಮಿಟಿಲಿ ಇಬ್ರು ಈಗಾಗಲೇ ದುಡ್ಡಿಲ್ಲ ಅಂತ ಹೇಳವ್ರೆ. ಆರ್ಕೆಸ್ಟ್ರಾದೋರಿಗೆ ಕೊಡೋ ಅಡ್ವಾನ್ಸಲ್ಲೇ ಇದು ಮುಗಿಯುತ್ತೆ, ಲೆಕ್ಕ ಬರೆದು ಇಟ್ಟಿದೀನಿ.

ಒಬ್ಬ ಹಿಮ್ಮೇಳದೋನು ಇನ್ನೂ ಕಮ್ಮಿ. ಸತ್ತೇಗಾಲ, ಮುಳ್ಳೂರು, ಎಳಂದೂರು ಕಡೆ ತಾಳ ಹಿಡಿಯೋಕೆ ಬರೋ ಹಿರೀಕರು ಯಾರಾದ್ರೂ ಇದ್ರೆ, ದನಿ ಹೋಗಿದ್ರೂ ಪರವಾಗಿಲ್ಲ, ಮೊದಲು ಅವರನ್ನ ಕೇಳಿ, ಒಪ್ಪಿದ್ರೆ ಮಾತ್ರ ನನಗೆ ತಿಳಿಸಿ. ಕರ್ಕೊಂಡು ಬಂದು ವಾಪಸ್ ಬಿಡೋ ಜವಾಬ್ದಾರಿ ನಂದು. ನಾಳೆ ಮಧ್ಯಾಹ್ನದ ಮೇಲೆ ಫೋನ್ ಎತ್ತಲ್ಲ, ಹುಳ ಎದ್ದಿರ್ತವೆ.