ಬಿಸ್ಕತ್ತಿನಷ್ಟಗಲದ ಫ್ಯಾನು

ಮನೆಯೆಂದ ಮೇಲೆ ಸದ್ದು ಇದ್ದದ್ದೇ. ಕುಕ್ಕರ್ ಸೀಟಿ ಹೊಡೆಯುತ್ತದೆ, ಮಿಕ್ಸರ್ ಅರಚುತ್ತದೆ, ಫ್ರಿಜ್ಜು ಮಧ್ಯರಾತ್ರಿ ಗುರ್ರೆಂದು ಎದ್ದು ಮತ್ತೆ ಮಲಗುತ್ತದೆ. ಇವಕ್ಕೆಲ್ಲ ನಮ್ಮ ಕಿವಿ ಒಗ್ಗಿಬಿಟ್ಟಿರುತ್ತದೆ. ಆದರೆ ಕೆಲವೊಮ್ಮೆ ಯಾವುದೋ ಒಂದು ಸದ್ದು ಮನೆಯವರ ನಡುವೆ ಬಂದು ಕುಳಿತುಬಿಡುತ್ತದೆ. ಅದು ಜೋರಾಗಿರಬೇಕೆಂದೇನೂ ಇಲ್ಲ. ನಿಲ್ಲದೆ ಇದ್ದರೆ ಸಾಕು. ಅದರ ಹೆಸರಿನಲ್ಲಿ ಮಾತು ಬೆಳೆಯುತ್ತದೆ, ಮುಖಗಳು ಬಾಡುತ್ತವೆ. ನಮ್ಮ ಮನೆಯಲ್ಲಿ ಹಾಗೆ ಬಂದು ಕುಳಿತದ್ದು ನಾಲ್ಕು ಸೆಂಟಿಮೀಟರ್ ಅಗಲದ ಒಂದು ಫ್ಯಾನು. ಚಹಾದ ಜೊತೆ ತಿನ್ನುವ ಬಿಸ್ಕತ್ತಿನಷ್ಟೇ ಗಾತ್ರ.

ನಮ್ಮದು ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನು, ನನ್ನ ಪತಿ, ಎಪ್ಪತ್ತೈದರ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಮೂರು ವರ್ಷಗಳ ಹಿಂದೆ ನಾದಿನಿಯ ಗಂಡ ತೀರಿಕೊಂಡ ಮೇಲೆ ಅವಳ ಹಿರಿಯ ಮಗ ಓದಿಗಾಗಿ ನಮ್ಮಲ್ಲಿಗೆ ಬಂದ. ಅವನಿಗೆ ಹಜಾರದ ಒಂದು ಮೂಲೆ. ಅದೇ ಹಜಾರದ ಇನ್ನೊಂದು ಬದಿಗೆ ಅತ್ತೆಯ ಮಂಚ. ಹುಡುಗನಿಗೆ ಗಿಟಾರ್ ಕೈಹಿಡಿದಿತ್ತು. ಗಿಟಾರ್ ಬೇಕೇ ಬೇಡವೇ ಎಂಬ ಚರ್ಚೆ ನಮ್ಮ ಬಂಧುಗಳಲ್ಲಿ ಸಾಕಷ್ಟು ನಡೆದಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ರಾತ್ರಿ ಕುಳಿತು ಬೇರೆಯವರ ಧ್ವನಿಮುದ್ರಣಗಳಿಗೆ ಗಿಟಾರಿನ ಭಾಗ ನುಡಿಸಿ ಕಳುಹಿಸುತ್ತಾನೆ, ಅದರಿಂದ ಬಂದ ಹಣದಲ್ಲಿ ಊರಿನಲ್ಲಿರುವ ತಂಗಿಯ ಕಾಲೇಜು ಶುಲ್ಕ ಕಟ್ಟುತ್ತಾನೆ ಎಂಬುದಷ್ಟೇ ನಮ್ಮ ಮನೆಯ ವಿಷಯ.

ಅವನ ಬಳಿ ಇರುವುದು ಗಿಟಾರಿನ ನಾದವನ್ನು ಹದಗೊಳಿಸುವ ಒಂದು ಕಬ್ಬಿಣದ ಪೆಟ್ಟಿಗೆ. ಸ್ನೇಹಿತನೊಬ್ಬನಿಂದ ಎರಡನೇ ಕೈಯಲ್ಲಿ ಕೊಂಡದ್ದು. ರಾತ್ರಿ ಹತ್ತರ ನಂತರ ಅವನು ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಾನೆ. ಗಿಟಾರಿನ ದನಿ ನಮಗ್ಯಾರಿಗೂ ಕೇಳಿಸದು. ಕೇಳಿಸುತ್ತಿದ್ದುದು ಪೆಟ್ಟಿಗೆಯನ್ನು ತಂಪಾಗಿಡುವ ಫ್ಯಾನಿನ ಕೀರಲು. ಸ್ವಿಚ್ ಹಾಕಿದೊಡನೆ ಸೊಳ್ಳೆಯ ಹಿಂಡು ಒಂದೇ ಶ್ರುತಿಯಲ್ಲಿ ಹಾಡಲು ಶುರು ಮಾಡಿದಂತೆ. ನಡುನಡುವೆ ಟರ್‍ರೆಂಬ ಒಂದು ಅಲುಗಾಟ. ಅತ್ತೆಗೆ ಮೊದಲೇ ನಿದ್ದೆ ತೆಳು. ಫಜ್ರ್ ನಮಾಝಿಗೆ ಏಳುವವರು ಎರಡು ಗಂಟೆಯವರೆಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರು. ಹಗಲು ತಲೆನೋವು, ರಕ್ತದೊತ್ತಡದ ಮಾತ್ರೆ ಹೆಚ್ಚಾಯಿತು. ಹುಡುಗನಿಗೂ ಸುಖವಿರಲಿಲ್ಲ. ಮೈಕ್ ಇಟ್ಟು ನುಡಿಸಿದ ಒಂದು ಕೆಲಸವನ್ನು ಹಿಂದೆ ಏನೋ ಗುಂಯ್‌ಗುಟ್ಟುತ್ತಿದೆ ಎಂದು ವಾಪಸು ಕಳುಹಿಸಿದರು.

ಒಂದು ಶುಕ್ರವಾರ ಊಟದ ಹೊತ್ತಿಗೆ ಮಾತು ಬಿಗಿಯಾಯಿತು. ಇವರು, "ರಾತ್ರಿ ಕೆಲಸ ನಿಲ್ಲಿಸು" ಎಂದರು. ಹುಡುಗ, "ಬೇರೆ ಕೋಣೆ ಹಿಡಿಯುತ್ತೇನೆ ಮಾಮು" ಎಂದು ತಲೆ ತಗ್ಗಿಸಿದ. ಬೇರೆ ಕೋಣೆಯ ಬಾಡಿಗೆ ಕಟ್ಟಿದರೆ ತಂಗಿಯ ಶುಲ್ಕ ಎಲ್ಲಿಂದ ಬರಬೇಕು? ಅತ್ತೆ, "ನನಗೇನಾಗಿದೆ, ಅವನಿರಲಿ" ಎಂದರು. ಆ ಮಾತಿನಿಂದ ಅವನ ಮುಖ ಇನ್ನಷ್ಟು ಸಣ್ಣದಾಯಿತು. ತಂದೆಯಿಲ್ಲದ ಹುಡುಗ ನಮ್ಮ ಮನೆಯಿಂದ ಹೀಗೆ ಹೊರಟರೆ ನಾದಿನಿಯ ಎದುರು ನಾವು ಹೇಗೆ ನಿಲ್ಲುವುದು ಎಂಬ ಚಿಂತೆ ನನಗೆ.

ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ನಾನು ಹುಡುಗನನ್ನು ಕರೆದು ಆ ಪೆಟ್ಟಿಗೆ ಹಚ್ಚಲು ಹೇಳಿದೆ. ಪಕ್ಕದಲ್ಲಿ ಜಾಲರಿಯಂಥ ಕಿಂಡಿ. ಹೊಲಿಗೆಯಂತ್ರಕ್ಕೆ ಎಣ್ಣೆ ಹಾಕುವವರಿಗೆ ಸವೆದ ಯಂತ್ರದ ದನಿ ಗೊತ್ತಾಗುತ್ತದೆ. ಇದೂ ಹಾಗೆಯೇ ಕೇಳಿಸಿತು. ನಾವೆಲ್ಲ ಯಾರು ಎಲ್ಲಿ ಮಲಗಬೇಕು, ಯಾರು ಎಷ್ಟು ಹೊತ್ತಿಗೆ ಕೆಲಸ ನಿಲ್ಲಿಸಬೇಕು ಎಂದು ಮಾತಾಡುತ್ತಿದ್ದೆವು. ಸದ್ದು ಮಾಡುತ್ತಿದ್ದುದು ಹುಡುಗನಲ್ಲ, ಅವನ ಗಿಟಾರೂ ಅಲ್ಲ.

ಇಂಥ ಪೆಟ್ಟಿಗೆಗಳಿಗೆ ಫ್ಯಾನು ಯಾಕೆ ಬೇಕು? ಒಳಗಿನ ಬಿಡಿಭಾಗಗಳು ವಿದ್ಯುತ್ತಿನ ಒಂದು ಪಾಲನ್ನು ಶಾಖವಾಗಿ ಹೊರಹಾಕುತ್ತವೆ. ಆ ಶಾಖ ಒಳಗೇ ಉಳಿದರೆ ಅವುಗಳ ಆಯುಷ್ಯ ಕುಗ್ಗುತ್ತದೆ. ಕೆಪಾಸಿಟರ್ ಎಂಬ ಡಬ್ಬಿಯಾಕಾರದ ಭಾಗಗಳ ವಿಷಯದಲ್ಲಿ ತಂತ್ರಜ್ಞರು ಒಂದು ಅಂದಾಜು ಹೇಳುತ್ತಾರೆ. ಉಷ್ಣತೆ 10 ಡಿಗ್ರಿ ಏರಿದರೆ ಬಾಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಫ್ಯಾನಿನ ತಂತಿ ಕಿತ್ತು ಸುಮ್ಮನಾಗುವುದು ಪರಿಹಾರವಲ್ಲ.

ಪುಟ್ಟ ಫ್ಯಾನೇ ಹೆಚ್ಚು ಕೀರಲುವುದಕ್ಕೂ ಕಾರಣವಿದೆ. ಚರಣಿಗೆಯಲ್ಲಿ ಜೋಡಿಸುವ ಇಂಥ ಪೆಟ್ಟಿಗೆಗಳ ಒಂದು ಅಂತಸ್ತಿನ ಎತ್ತರ 44.45 ಮಿಲಿಮೀಟರ್ ಎಂದು ಅಳತೆ ನಿಗದಿಯಾಗಿದೆ. ಅದರೊಳಗೆ 40 ಮಿಲಿಮೀಟರಿಗಿಂತ ದೊಡ್ಡ ಫ್ಯಾನು ನಿಲ್ಲದು. ಸಣ್ಣ ರೆಕ್ಕೆಗಳು ಸಾಕಷ್ಟು ಗಾಳಿ ತಳ್ಳಬೇಕಾದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಲೇಬೇಕು. ಮೇಲ್ಚಾವಣಿಯ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಮನೆಗೆಲ್ಲ ಗಾಳಿ ಕೊಡುವುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಒಂದೇ ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ, ಆದರೆ ಗಾಳಿಯೂ ಅರ್ಧವಾಗುತ್ತದೆ. ಇದರ ಮೇಲೆ ವರ್ಷಗಳ ಧೂಳು ರೆಕ್ಕೆಗೆ ಅಂಟಿ ತೂಕ ಏರುಪೇರಾಗುತ್ತದೆ. ಅಗ್ಗದ ಫ್ಯಾನುಗಳ ಅಚ್ಚು ತಿರುಗುವ ತೋಳಿನಲ್ಲಿ ಎಣ್ಣೆ ಒಣಗುತ್ತದೆ. ಆ ಟರ್‍ರೆಂಬ ಸದ್ದು ಅಲ್ಲಿಂದಲೇ. ಒಂದು ಹನಿ ಎಣ್ಣೆ ಬಿಟ್ಟರೆ ಕೆಲವು ದಿನ ಸುಮ್ಮನಿರುತ್ತದೆ, ಮತ್ತೆ ಶುರುವಾಗುತ್ತದೆ.

ಹುಡುಗ ಪೆಟ್ಟಿಗೆಯನ್ನು ಒಂದು ರಿಪೇರಿ ಕೇಂದ್ರಕ್ಕೆ ಒಯ್ದ. ಫ್ಯಾನು ಮಾತ್ರ ಬದಲಾಯಿಸುವುದಿಲ್ಲ, ಅದು ಕೂತಿರುವ ಇಡೀ ಭಾಗವನ್ನೇ ಹಾಕಬೇಕು, 14,000 ರೂಪಾಯಿ ಎಂದರು. ಒಂದು ತಿಂಗಳ ಅವನ ದುಡಿಮೆಗಿಂತ ಹೆಚ್ಚು. ಪೆಟ್ಟಿಗೆಯನ್ನು ಎತ್ತಿಕೊಂಡು ಮನೆಗೆ ಬಂದ.

ಆ ಸಂಜೆ ಅತ್ತೆ ಎಲ್ಲರನ್ನೂ ಬೆರಗುಗೊಳಿಸಿದರು. "ಮುಚ್ಚಳ ತೆಗಿ, ನೋಡೋಣ" ಎಂದರು. ನಮ್ಮ ಅತ್ತೆ ಮದುವೆಗೆ ಮೊದಲೇ ದೂರವಾಣಿನಗರದ ಐಟಿಐ ಕಾರ್ಖಾನೆಗೆ ಕೆಲಸಕ್ಕೆ ಸೇರಿದವರು. 1948ರಲ್ಲಿ ಆರಂಭವಾದ ಆ ಟೆಲಿಫೋನ್ ಕಾರ್ಖಾನೆಯಲ್ಲಿ ಬಹಳಷ್ಟು ಹೆಣ್ಣುಮಕ್ಕಳು ತಂತಿ ಜೋಡಿಸುವ, ಬೆಸುಗೆ ಹಾಕುವ ಕೆಲಸ ಮಾಡುತ್ತಿದ್ದರು. ಅತ್ತೆ ನಿವೃತ್ತರಾಗುವವರೆಗೂ ಅಲ್ಲಿದ್ದರು. ಮನೆಯಲ್ಲಿ ಅದರ ಮಾತು ಬರುವುದು ಪಿಂಚಣಿಯ ದಿನ ಮಾತ್ರ. ಅವರ ಕೈಯ ವಿದ್ಯೆ ಏನೆಂದು ಮೊಮ್ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಅವರ ಮೊದಲ ಮಾತು ಎಚ್ಚರಿಕೆಯದು. ಪ್ಲಗ್ ಕಿತ್ತು ಕನಿಷ್ಠ ಅರ್ಧ ಗಂಟೆ ಬಿಡಬೇಕು. ನಮ್ಮ ಮನೆಯ 230 ವೋಲ್ಟಿನ ವಿದ್ಯುತ್ತು ಇಂಥ ಸಲಕರಣೆಗಳ ಒಳಗೆ ಸುಮಾರು 325 ವೋಲ್ಟಿಗೆ ಏರಿ ಕೆಪಾಸಿಟರಿನಲ್ಲಿ ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು. ವಿದ್ಯುತ್ ಬರುವ ಭಾಗವನ್ನು ಕೈಯಿಂದಾಗಲೀ ಸ್ಕ್ರೂಡ್ರೈವರಿನಿಂದಾಗಲೀ ಮುಟ್ಟಲೇಬಾರದು. ಗಾಜಿನ ವಾಲ್ವುಗಳಿರುವ ಹಳೆಯ ಮಾದರಿಯ ಗಿಟಾರ್ ಆಂಪ್ಲಿಫೈಯರುಗಳಲ್ಲಿ ವೋಲ್ಟೇಜು ಇನ್ನೂ ಹೆಚ್ಚು, ಅವನ್ನು ತಿಳಿದವರೇ ಬಿಚ್ಚಬೇಕು. ಇದನ್ನು ಓದುವ ಸಹೋದರಿಯರಿಗೂ ನನ್ನ ಕೋರಿಕೆ ಇಷ್ಟೇ: ಗೊತ್ತಿರುವವರು ಪಕ್ಕದಲ್ಲಿಲ್ಲದೆ ವಿದ್ಯುತ್ ಸಲಕರಣೆಯ ಮುಚ್ಚಳ ತೆಗೆಯಬೇಡಿ.

ಒಳಗೆ ನೋಡಿದರೆ ಫ್ಯಾನಿನ ರೆಕ್ಕೆಗಳಿಗೆ ಬೂದು ಬಣ್ಣದ ಹತ್ತಿ ಅಂಟಿತ್ತು. ಹುಡುಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡ, ಯಾವ ತಂತಿ ಎಲ್ಲಿ, ಗಾಳಿ ಯಾವ ಕಡೆಗೆ ಎಂದು ಮರೆಯದಿರಲು. ಚೀಟಿಯಲ್ಲಿ 12 ವೋಲ್ಟ್, 0.08 ಆಂಪಿಯರ್ ಎಂದಿತ್ತು. ಅಂಚಿನ ಅಳತೆ 40 ಮಿಲಿಮೀಟರ್, ದಪ್ಪ 20. ಅತ್ತೆ ಮೂರು ಷರತ್ತು ಹೇಳಿದರು. ವೋಲ್ಟ್ ಅದೇ ಇರಬೇಕು. ಆಂಪಿಯರ್ ಹಳೆಯದಕ್ಕಿಂತ ಹೆಚ್ಚಿರಬಾರದು. ಗಾಳಿ ತೀರಾ ಕಡಿಮೆಯಾಗಬಾರದು.

ಮರುವಾರ ಹುಡುಗ ಎಸ್.ಪಿ. ರಸ್ತೆಗೆ ಹೋದ. ಬೆಂಗಳೂರಿನವರಿಗೆ ಆ ಬೀದಿಯ ಪರಿಚಯ ಬೇಕಿಲ್ಲ. ಕಿರಿದಾದ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳು ತರಕಾರಿಯಂತೆ ರಾಶಿ ಬಿದ್ದಿರುತ್ತವೆ. ನೂರು ಚಿಲ್ಲರೆ ರೂಪಾಯಿಗೂ ಫ್ಯಾನು ಸಿಗುತ್ತಿತ್ತು. ಆದರೆ ಅವುಗಳ ಚೀಟಿಯಲ್ಲಿ ಸದ್ದಿನ ಲೆಕ್ಕವೇ ಇರಲಿಲ್ಲ. ಕೊನೆಗೆ ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಒಂದು ಫ್ಯಾನು ತಂದ. ಬೆಲೆ ಎರಡು ಸಾವಿರದೊಳಗೆ. ನಿಮಿಷಕ್ಕೆ 5000 ಸುತ್ತು, ಗಂಟೆಗೆ 9.4 ಘನ ಮೀಟರ್ ಗಾಳಿ, ಸದ್ದು 14.9 ಡೆಸಿಬೆಲ್, ವಿದ್ಯುತ್ತು 0.05 ಆಂಪಿಯರ್ ಎಂದು ಬರೆದಿತ್ತು. ಅಚ್ಚು ಎಣ್ಣೆಯ ತೆಳು ಪದರದ ಮೇಲೆ ತಿರುಗುವ ಬಗೆಯದು. ಅದರೊಡನೆ ಸ್ಕ್ರೂ ಬದಲು ಬಳಸಬಹುದಾದ ರಬ್ಬರಿನಂಥ ಮೊಳೆಗಳೂ ಇದ್ದವು. ಫ್ಯಾನಿನ ನಡುಕ ಪೆಟ್ಟಿಗೆಯ ತಗಡಿಗೆ ದಾಟದಂತೆ ಅವು ತಡೆಯುತ್ತವೆ.

ಹೊಸ ಫ್ಯಾನಿನ ಪಿನ್ನು ಹಳೆಯ ಸಾಕೆಟ್ಟಿಗೆ ಹೊಂದಲಿಲ್ಲ. ಹಳೆಯದಕ್ಕೆ ಎರಡು ತಂತಿ, ಹೊಸದಕ್ಕೆ ಮೂರು. ಮೂರನೆಯದು ವೇಗವನ್ನು ತಿಳಿಸುವ ತಂತಿ, ನಮಗೆ ಬೇಕಿರಲಿಲ್ಲ. ಅದರ ತುದಿಗೆ ಟೇಪು ಸುತ್ತಿ ಬಿಟ್ಟೆವು. ತಂತಿಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುವುದುಂಟು, ಆದ್ದರಿಂದ ಕೈಪಿಡಿ ನೋಡಿಯೇ ಧನ ಯಾವುದು ಋಣ ಯಾವುದು ಎಂದು ಗುರುತು ಹಾಕಿಕೊಂಡೆವು. ಪೊಟ್ಟಣದಲ್ಲಿ ಬೆಸುಗೆಯಿಲ್ಲದೆ ತಂತಿ ಜೋಡಿಸುವ ಪುಟ್ಟ ಕ್ಲಿಪ್ಪುಗಳಿದ್ದವು. ಹುಡುಗ ಅದನ್ನೇ ಬಳಸೋಣವೆಂದ. ಅತ್ತೆ ಒಪ್ಪಲಿಲ್ಲ.

ಪಕ್ಕದ ಮನೆಯಿಂದ ಬೆಸುಗೆ ಕಡ್ಡಿ ಬಂತು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕುಳಿತರು. ಚಹಾದ ಲೋಟ ಹಿಡಿದರೆ ನಡುಗುವ ಕೈ ಅದು. ಬೆಸುಗೆ ಕಡ್ಡಿ ಹಿಡಿದಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿದರು, ನಡುಕ ನಿಂತಿತು. ಮೊದಲು ತಂತಿಗೆ ಶಾಖ, ಆಮೇಲೆ ಸೀಸ ಎಂದು ಹುಡುಗನಿಗೆ ಹೇಳಿಕೊಡುತ್ತಾ ಎರಡು ಬೆಸುಗೆ ಹಾಕಿದರು. ಎರಡೂ ಅಕ್ಕಿಕಾಳಿನಂತೆ ಹೊಳೆದವು. ನನ್ನ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಕೂಡಿಸುವಾಗ ಫ್ಯಾನಿನ ಅಂಚಿನಲ್ಲಿದ್ದ ಬಾಣದ ಗುರುತನ್ನು ಹೊರಮುಖವಾಗಿ ಇಟ್ಟೆವು. ಹಳೆಯದು ಬಿಸಿಗಾಳಿಯನ್ನು ಹೊರಕ್ಕೆ ತಳ್ಳುತ್ತಿತ್ತು, ಹೊಸದೂ ಹಾಗೆಯೇ ಮಾಡಬೇಕಲ್ಲ.

ಬಿಸಿಯ ಪರೀಕ್ಷೆ ನನ್ನದು. ಕೇಕು ಬೆಂದಿದೆಯೇ ಎಂದು ನೋಡುವ ಥರ್ಮೋಮೀಟರನ್ನು ಕಿಂಡಿಯ ಹೊರಗೆ ಹಿಡಿದೆ. ಹಳೆಯ ಫ್ಯಾನಿರುವಾಗ ಒಂದು ಗಂಟೆ ಓಡಿದ ಮೇಲೆ 41 ಡಿಗ್ರಿ ತೋರಿಸಿತ್ತು, ಈಗ 43. ಎರಡು ಡಿಗ್ರಿಯ ವ್ಯತ್ಯಾಸ ನಮಗೆ ಒಪ್ಪಿಗೆಯಾಯಿತು. ಮೊಬೈಲಿನ ಸದ್ದಳೆಯುವ ಆಪ್ ಮಂಚದ ಬಳಿ ಮೊದಲು 42 ಡೆಸಿಬೆಲ್ ತೋರಿಸುತ್ತಿತ್ತು. ಈಗ ಪೆಟ್ಟಿಗೆ ಹಚ್ಚಿದರೂ ಆರಿಸಿದರೂ 31. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಆದರೂ ಹೋಲಿಕೆಗೆ ಸಾಕು. ಮಲಗುವ ಕೋಣೆಯೊಳಗೆ ಸತತವಾದ ಸದ್ದು 30 ಡೆಸಿಬೆಲ್ ದಾಟದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳಿಸುತ್ತದೆ. ಆ ಲೆಕ್ಕದಲ್ಲಿ ಅತ್ತೆ ತಿಂಗಳುಗಟ್ಟಲೆ ಸಹಿಸಿಕೊಂಡದ್ದು ಸಣ್ಣದೇನಲ್ಲ.

ಹುಡುಗ ನಮ್ಮಲ್ಲೇ ಇದ್ದಾನೆ. ವಾಪಸು ಬಂದಿದ್ದ ಕೆಲಸವನ್ನು ಮತ್ತೆ ನುಡಿಸಿ ಕಳುಹಿಸಿದ, ಒಪ್ಪಿಗೆಯಾಯಿತು. ತಂಗಿಯ ಆ ಸಲದ ಶುಲ್ಕ ಹೊತ್ತಿಗೆ ಸರಿಯಾಗಿ ಹೋಯಿತು. ಅತ್ತೆಯ ನಿದ್ದೆ ವಯಸ್ಸಿನ ನಿದ್ದೆ, ಪೂರ್ತಿ ಮರಳಿಲ್ಲ. ಆದರೆ ಎರಡು ಗಂಟೆಯವರೆಗಿನ ಆ ಕಾಯುವಿಕೆ ಇಲ್ಲ. ಇನ್ನೊಂದು ಬದಲಾವಣೆಯೂ ಆಗಿದೆ. ನನ್ನ ಹಿರಿಯ ಮಗಳು ಬೆಸುಗೆ ಕಲಿಯುತ್ತೇನೆಂದು ಅಜ್ಜಿಯ ಹಿಂದೆ ಬಿದ್ದಿದ್ದಾಳೆ. ಕೆಟ್ಟ ಚಾರ್ಜರು, ಬಾಯಿ ಸತ್ತ ರೇಡಿಯೋ ಎಂದು ಏನಾದರೊಂದು ಹುಡುಕಿ ತರುತ್ತಾಳೆ.

ನಮ್ಮ ಮನೆಗಳ ಹಿರಿಯ ಹೆಂಗಸರ ಕೈಯಲ್ಲಿ ಎಷ್ಟೆಲ್ಲ ವಿದ್ಯೆಗಳಿವೆ! ಅವರಿಗೆ ಮಾತ್ರೆ ಕೊಟ್ಟೆವೇ, ಊಟ ಕೊಟ್ಟೆವೇ ಎಂದು ನೋಡಿಕೊಳ್ಳುತ್ತೇವೆ. ಅವರಿಗೇನು ಗೊತ್ತು ಎಂದು ಕೇಳುವುದು ಅಪರೂಪ. ನಿಮ್ಮ ಮನೆಯಲ್ಲೂ ಯಾವುದೋ ಯಂತ್ರ ಕಿರುಗುಟ್ಟುತ್ತಿರಬಹುದು, ಅದರಿಂದ ಯಾರೋ ಇಬ್ಬರ ನಡುವೆ ಮಾತು ಕಡಿಮೆಯಾಗಿರಬಹುದು. ಯಾರು ಸರಿ ಯಾರು ತಪ್ಪು ಎಂದು ತೀರ್ಮಾನಿಸುವ ಮೊದಲು ಒಮ್ಮೆ ಆ ಯಂತ್ರದ ಬಳಿ ಕಿವಿಯಿಡಿ. ಆಮೇಲೆ ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ ನೋಡಿ.